ಮನೆಯ ಹಿರಿಯರ ಒಂದು ಒಳ್ಳೆಯ ಫೋಟೋ ಇದೆಯೇ?

ಪತ್ರಿಕೆಯ ನಿಧನ ವಾರ್ತೆಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಅಲ್ಲಿ ಬರುವ ಫೋಟೋಗಳಲ್ಲಿ ಎಷ್ಟೋ ಫೋಟೋಗಳು ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದವು. ಪಕ್ಕದವರ ಅರ್ಧ ಹೆಗಲು ಕಾಣುತ್ತದೆ, ಮುಖ ಮಸುಕಾಗಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಇನ್ನು ಕೆಲವು ಹತ್ತು ಹದಿನೈದು ವರ್ಷ ಹಿಂದೆ ಆಧಾರ್ ಕಾರ್ಡಿಗೆ ಅಂತ ತೆಗೆದ ಫೋಟೋ. ಅದೇ ಮನೆಯಲ್ಲಿ ನಾಲ್ಕೈದು ಸ್ಮಾರ್ಟ್‌ಫೋನ್ ಇರ್ತದೆ, ಒಂದೊಂದರಲ್ಲಿ ಸಾವಿರಾರು ಫೋಟೋ. ಬಿರಿಯಾನಿಯದ್ದು ಉಂಟು, ಬೈಕಿನದ್ದು ಉಂಟು, ಜಲಪಾತದ್ದು ಉಂಟು. ಎಪ್ಪತ್ತೈದು ವರ್ಷ ಆ ಮನೆಯನ್ನು ಹೊತ್ತು ನಿಂತ ಬಾಪಾರದ್ದು ಮಾತ್ರ ಒಂದೂ ಸರಿಯಾದ ಫೋಟೋ ಇಲ್ಲ. ಉಮ್ಮನದ್ದಂತೂ ಕೇಳುವುದೇ ಬೇಡ.

ಇದು ಕ್ಯಾಮೆರಾದ ಕೊರತೆ ಅಲ್ಲ. ಹತ್ತು ಸಾವಿರ ರೂಪಾಯಿಯ ಫೋನಿನಲ್ಲೂ ಈಗ ಒಳ್ಳೆಯ ಕ್ಯಾಮೆರಾ ಇದೆ. ಬೇಕಾದದ್ದು ಸ್ವಲ್ಪ ತಿಳಿವಳಿಕೆ, ಸ್ವಲ್ಪ ತಾಳ್ಮೆ. ಬೆಳಕನ್ನು ಹೇಗೆ ಬಳಸುವುದು, ಫೋನನ್ನು ಹೇಗೆ ಹಿಡಿಯುವುದು, ಎಡಿಟಿಂಗ್ ಎಲ್ಲಿಗೆ ನಿಲ್ಲಿಸುವುದು, ತೆಗೆದ ಫೋಟೋವನ್ನು ಹೇಗೆ ಕಾಪಾಡುವುದು, ಇಷ್ಟು ಗೊತ್ತಿದ್ದರೆ ಮನೆಯ ಮಕ್ಕಳೇ ಈ ಕೆಲಸ ಮಾಡಬಹುದು.

ಮೊದಲೇ ಒಂದು ಮಾತು. ಫೋಟೋದ ವಿಷಯದಲ್ಲಿ ಉಲಮಾಗಳ ನಡುವೆ ಅಭಿಪ್ರಾಯ ಭೇದ ಇರುವುದು ಎಲ್ಲರಿಗೂ ಗೊತ್ತಿದೆ. ಈ ಲೇಖನ ಫತ್ವಾ ಅಲ್ಲ. ನಿಮಗೆ ಸಂಶಯ ಇದ್ದರೆ ನಿಮ್ಮ ಮೊಹಲ್ಲಾದ ಖತೀಬರನ್ನು ಕೇಳಿ. ಆದರೆ ಪಾಸ್‌ಪೋರ್ಟ್, ಆಧಾರ್, ಹಜ್ ಅರ್ಜಿ, ಗಲ್ಫಿನ ವೀಸಾ, ಯಾವುದೂ ಫೋಟೋ ಇಲ್ಲದೆ ಆಗುವುದಿಲ್ಲ. ದಮ್ಮಾಮಿನಲ್ಲೋ ದುಬೈಯಲ್ಲೋ ಎರಡು ವರ್ಷ ಊರಿಗೆ ಬಾರದ ಮಗ ಉಮ್ಮನ ಮುಖ ನೋಡುವುದು ಫೋನಿನಲ್ಲೇ. ತೆಗೆಯುವುದೇ ಹೌದಾದರೆ ಸರಿಯಾಗಿ ತೆಗೆಯೋಣ, ಅದಬಿನಿಂದ ತೆಗೆಯೋಣ.

ಬೆಳಕು ಸರಿಯಾದರೆ ಅರ್ಧ ಕೆಲಸ ಆಯ್ತು

ಫೋಟೋ ಚೆನ್ನಾಗಿ ಬಾರದಿದ್ದರೆ ನಾವು ಫೋನನ್ನು ದೂರುತ್ತೇವೆ. ಹೆಚ್ಚಿನ ಸಲ ತಪ್ಪು ಬೆಳಕಿನದ್ದು.

ನಮ್ಮ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಒಳಗೆ ಬೆಳಕು ಕಡಿಮೆ. ಅಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ತೆಗೆದರೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಮುಖ ಕಾಯಿಲೆಯವರ ಹಾಗೆ ಕಾಣುತ್ತದೆ. ಅದರ ಬದಲು ಹೀಗೆ ಮಾಡಿ. ಹಗಲು ಹೊತ್ತಿನಲ್ಲಿ, ಬಿಸಿಲು ನೇರ ಬೀಳದ ಒಂದು ಕಿಟಕಿಯ ಹತ್ತಿರ ಕುರ್ಚಿ ಹಾಕಿ. ಹಿರಿಯರು ಕಿಟಕಿಯ ಕಡೆಗೆ ಸ್ವಲ್ಪ ಓರೆಯಾಗಿ ಕೂರಲಿ. ಒಳಗಿನ ಲೈಟು ಆರಿಸಿ. ಮುಖದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ತೆಳು ನೆರಳು ಬೀಳುತ್ತದೆ. ನೆರಳು ತುಂಬಾ ಗಾಢ ಆದರೆ ಆ ಬದಿಯಲ್ಲಿ ಒಬ್ಬರು ಬಿಳಿ ಮುಂಡನ್ನೋ ಬೆಡ್‌ಶೀಟನ್ನೋ ಬಿಡಿಸಿ ಹಿಡಿಯಲಿ. ಬಿಳಿ ಬಟ್ಟೆ ಬೆಳಕನ್ನು ಮುಖಕ್ಕೆ ಹಿಂದಿರುಗಿಸುತ್ತದೆ. ಸ್ಟುಡಿಯೋದವರು ಬಿಳಿ ಬೋರ್ಡಿನಿಂದ ಮಾಡುವ ಕೆಲಸವೂ ಇದೇ.

ಕಿಟಕಿಗೆ ಬೆನ್ನು ಹಾಕಿ ಕೂರಿಸಬೇಡಿ. ಹಿಂದಿನ ಬೆಳಕಿಗೆ ಕ್ಯಾಮೆರಾ ಹೊಂದಿಕೊಂಡು ಮುಖ ಕಪ್ಪಾಗುತ್ತದೆ.

ಹೊರಗೆ ತೆಗೆಯುವುದಾದರೆ ಬೆಳಗ್ಗೆ ಬಿಸಿಲು ಏರುವ ಮೊದಲು, ಅಥವಾ ಅಸರ್ ನಮಾಝ್ ಆದ ಮೇಲೆ. ನಡುಹಗಲಿನ ಬಿಸಿಲಿನಲ್ಲಿ ಕಣ್ಣು ಕಿರಿದಾಗುತ್ತದೆ, ಮೂಗಿನ ಕೆಳಗೆ ನೆರಳು ಬೀಳುತ್ತದೆ. ಮಾವಿನ ಮರದ ಕೆಳಗೆ ನಿಲ್ಲಿಸಿದರೆ ಎಲೆಗಳ ಸಂದಿನಿಂದ ಬಿದ್ದ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಅದಕ್ಕಿಂತ ಸಿಟ್‌ಔಟಿನ ಅಂಚು ಒಳ್ಳೆಯದು, ನೆರಳೂ ಇರ್ತದೆ, ಎದುರಿನಿಂದ ಆಕಾಶದ ಬೆಳಕೂ ಬರ್ತದೆ. ಮಳೆಗಾಲದಲ್ಲಿ ಫೋಟೋ ಆಗುವುದಿಲ್ಲ ಅಂತ ಹೇಳುವವರಿದ್ದಾರೆ. ನಿಜ ಸಂಗತಿ ಬೇರೆ. ಮೋಡ ಕವಿದ ಹಗಲಿನ ಬೆಳಕು ಮುಖಕ್ಕೆ ತುಂಬಾ ಮೃದು. ಒಂದು ಎಚ್ಚರಿಕೆ, ಅಂಗಳಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರೆ ಅದರ ಕೆಳಗೆ ಬೇಡ. ಮುಖವೆಲ್ಲ ನೀಲಿಯಾಗ್ತದೆ. ಹಸಿರು ಬಣ್ಣ ಬಳಿದ ಗೋಡೆಯ ಹತ್ತಿರ ನಿಂತರೂ ಇದೇ ತೊಂದರೆ.

ಫೋನು ಹಿಡಿಯುವ ಕ್ರಮ

ಮೊದಲು ಲೆನ್ಸ್ ಒರೆಸಿ. ಕಿಸೆಯಲ್ಲಿ, ಅಡುಗೆ ಮನೆಯಲ್ಲಿ, ಮಕ್ಕಳ ಕೈಯಲ್ಲಿ ಓಡಾಡುವ ಫೋನಿನ ಲೆನ್ಸಿನ ಮೇಲೆ ಎಣ್ಣೆ ಪಸೆ ಇದ್ದೇ ಇರ್ತದೆ. ಫೋಟೋ ಮಂಜು ಮಂಜಾಗಿ ಬರಲು, ದೀಪದ ಸುತ್ತ ಗೆರೆ ಕಾಣಲು ದೊಡ್ಡ ಕಾರಣ ಇದೇ. ಕನ್ನಡಕ ಒರೆಸುವ ಮೆತ್ತಗಿನ ಬಟ್ಟೆ ಸಾಕು. ಎಸಿ ಕಾರಿನಿಂದ ಇಳಿದ ಕೂಡಲೇ ತೆಗೆದರೂ ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಐದು ನಿಮಿಷ ಕಾಯಿರಿ.

ಎರಡನೆಯದು, ತೀರಾ ಹತ್ತಿರ ಹೋಗಬೇಡಿ. ಒಂದೆರಡು ಅಡಿಯಿಂದ ಮುಖ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದ ಹಾಗೆ ಕಾಣುತ್ತದೆ. ಐದಾರು ಅಡಿ ದೂರ ನಿಂತು, ಫೋನಿನಲ್ಲಿ ಬೇರೆ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ 2 ಎಕ್ಸ್ ವರೆಗೆ ಮಾತ್ರ ಝೂಮ್ ಮಾಡಿ. ಬೆರಳಿನಿಂದ 8 ಎಕ್ಸ್, 10 ಎಕ್ಸ್ ಅಂತ ಎಳೆದರೆ ಸಾಮಾನ್ಯ ಫೋನಿನಲ್ಲಿ ಚಿತ್ರ ಒಡೆಯುತ್ತದೆ.

ಮೂರನೆಯದು, ಕ್ಯಾಮೆರಾ ಅವರ ಕಣ್ಣಿನ ಎತ್ತರದಲ್ಲಿರಲಿ. ಅಜ್ಜಿ ಕುರ್ಚಿಯಲ್ಲಿ ಕೂತಿದ್ದರೆ ನೀವೂ ಮಂಡಿಯೂರಿ. ನಿಂತಲ್ಲಿಂದ ಕೆಳಕ್ಕೆ ತೆಗೆದರೆ ಅವರು ಇನ್ನಷ್ಟು ಕುಗ್ಗಿದ ಹಾಗೆ ಕಾಣುತ್ತಾರೆ. ಮಕ್ಕಳದ್ದಕ್ಕೂ ಇದೇ ನಿಯಮ.

ನಾಲ್ಕನೆಯದು ನಮ್ಮವರಿಗೆ ಮುಖ್ಯವಾದದ್ದು. ಎದುರಿಗೆ ಕಪ್ಪು ಹೆಚ್ಚು ಇದ್ದರೆ ಕ್ಯಾಮೆರಾ ಕತ್ತಲಿದೆ ಅಂತ ತಿಳಿದು ಬೆಳಕು ಏರಿಸುತ್ತದೆ. ಬಿಳಿ ಹೆಚ್ಚು ಇದ್ದರೆ ಬೆಳಕು ಜಾಸ್ತಿ ಅಂತ ತಿಳಿದು ಇಳಿಸುತ್ತದೆ. ಹಾಗಾಗಿ ಕಪ್ಪು ಬುರ್ಖಾ ತೊಟ್ಟವರ ಮುಖ ಸುಣ್ಣ ಬಳಿದ ಹಾಗೆ ಬರ್ತದೆ. ಬಿಳಿ ಅಂಗಿ, ಬಿಳಿ ಮುಂಡು, ಬಿಳಿ ಟೋಪಿಯವರ ಸಾಲಿನ ಫೋಟೋ ಬೂದಿ ಬಣ್ಣಕ್ಕೆ ತಿರುಗಿ ಮುಖ ಕಪ್ಪಾಗ್ತದೆ. ಪರಿಹಾರ ಸುಲಭ. ಪರದೆಯ ಮೇಲೆ ಮುಖದ ಜಾಗವನ್ನು ಬೆರಳಿನಿಂದ ಮುಟ್ಟಿ. ಪಕ್ಕದಲ್ಲಿ ಸೂರ್ಯನ ಗುರುತು ಅಥವಾ ಒಂದು ಗೆರೆ ಬರುತ್ತದೆ. ಕಪ್ಪು ಉಡುಪಿನವರಿಗೆ ಅದನ್ನು ಸ್ವಲ್ಪ ಕೆಳಕ್ಕೆ, ಬಿಳಿ ಉಡುಪಿನವರಿಗೆ ಸ್ವಲ್ಪ ಮೇಲಕ್ಕೆ ಎಳೆಯಿರಿ. ಮುಖದ ಬಣ್ಣ ಕಣ್ಣಿಗೆ ಕಾಣುವ ಹಾಗೆಯೇ ಬರುವಲ್ಲಿ ನಿಲ್ಲಿಸಿ.

ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಚೆಂದವೇ. ಆದರೆ ಶಾಲಿನ ಅಂಚು, ಟೋಪಿಯ ಕಸೂತಿ, ಕನ್ನಡಕದ ಕಡ್ಡಿ, ಇವನ್ನೂ ಒಮ್ಮೊಮ್ಮೆ ಅದು ತಿಂದುಬಿಡುತ್ತದೆ. ಆ ಮೋಡಿನಲ್ಲಿ ಒಂದು ತೆಗೆದರೆ ಸಾಮಾನ್ಯ ಮೋಡಿನಲ್ಲೂ ಒಂದು ತೆಗೆದಿಡಿ. ಫ್ಲ್ಯಾಶ್ ಬೇಡವೇ ಬೇಡ.

ಹಿರಿಯರನ್ನು ಕೂರಿಸುವಾಗ

ಮೊದಲು ಕೇಳಿ. "ಉಮ್ಮಾ, ಒಂದು ಫೋಟೋ ತೆಗೆಯಲಾ?" ಅಂತ ಕೇಳಿದರೆ "ನನ್ನದೆಂತ ಫೋಟೋ ಈ ಪ್ರಾಯದಲ್ಲಿ" ಅಂತಲೇ ಹೆಚ್ಚಿನವರು ಹೇಳುವುದು. ಮಗನಿಗೆ ಕಳಿಸಲಿಕ್ಕೆ, ಮೊಮ್ಮಕ್ಕಳಿಗೆ ತೋರಿಸಲಿಕ್ಕೆ ಅಂತ ಹೇಳಿ. ಆಮೇಲೂ ಬೇಡ ಅಂದರೆ ಬೇಡ. ನಿದ್ದೆಯಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ, ತಲೆಯ ಬಟ್ಟೆ ಜಾರಿದಾಗ ಕದ್ದು ತೆಗೆಯುವುದು ಅದಬು ಅಲ್ಲ.

ಒಪ್ಪಿದವರಿಗೆ ಅವಸರ ಮಾಡಬೇಡಿ. ಕುಪ್ಪಾಯ ಬದಲಿಸಬೇಕು ಅಂದರೆ ಬದಲಿಸಲಿ, ಟೋಪಿ ಸರಿ ಮಾಡಬೇಕು ಅಂದರೆ ಮಾಡಲಿ. ಹಿಂದೆ ಬಟ್ಟೆ ಒಣಗಿಸುವ ಹಗ್ಗ, ಗ್ಯಾಸ್ ಸಿಲಿಂಡರ್, ಕ್ಯಾಲೆಂಡರ್ ಇದ್ದರೆ ಜಾಗ ಬದಲಿಸಿ. ಬರೀ ಗೋಡೆ ಸಾಕು. "ನಗಿ, ನಗಿ" ಅಂತ ಹೇಳಿದರೆ ಯಾರಿಗೂ ನಗು ಬರುವುದಿಲ್ಲ. ಹಳೆಯ ಮಾತು ಎತ್ತಿ. ಬಂದರಿನಲ್ಲಿ ಕೆಲಸ ಮಾಡಿದ ದಿನ, ಮೊದಲ ಸಲ ಗಲ್ಫಿಗೆ ಹೊರಟದ್ದು, ಬೀಡಿ ಕಟ್ಟಿ ಮಕ್ಕಳ ಫೀಸು ಕಟ್ಟಿದ್ದು. ಮಾತಿನ ನಡುವೆ ಮುಖ ತಾನಾಗಿ ಅರಳುತ್ತದೆ. ಆಗ ಒಂದಲ್ಲ, ಹತ್ತು ಹದಿನೈದು ತೆಗೆಯಿರಿ. ರೆಪ್ಪೆ ಮುಚ್ಚಿದ್ದು, ಅಲುಗಿದ್ದು ಹೋಗಿ ಎರಡು ಒಳ್ಳೆಯದು ಉಳಿದರೆ ಸಾಕು.

ಮುಖ ಒಂದೇ ಅಲ್ಲ. ಬೀಡಿ ಕಟ್ಟಿ ಸವೆದ ಬೆರಳು, ತಸ್ಬೀಹ್ ಹಿಡಿದ ಕೈ, ಕಿವಿಯ ಅಲಿಕತ್ತು, ಯಾವಾಗಲೂ ಕೂರುವ ಜಗಲಿಯ ಮೂಲೆ, ಇವೂ ಅವರೇ. ಇದನ್ನೆಲ್ಲ ತೆಗೆಯುವುದಕ್ಕೆ ಐದು ನಿಮಿಷ ಹೆಚ್ಚು ಬೇಕು, ಅಷ್ಟೇ.

ಪಾಸ್‌ಪೋರ್ಟಿನ ಫೋಟೋ ಬಗ್ಗೆ ನಮ್ಮ ಹೆಂಗಸರಿಗೆ ಒಂದು ಅಂಜಿಕೆ ಉಂಟು, ತಲೆಯ ಬಟ್ಟೆ ತೆಗೆಯಬೇಕೇನೋ ಅಂತ. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಿರಲು ನಿಯಮದಲ್ಲೇ ಅವಕಾಶ ಇದೆ. ಗಲ್ಲದ ತುದಿಯಿಂದ ಹಣೆಯ ಮೇಲ್ಭಾಗದವರೆಗೆ, ಮುಖದ ಎರಡೂ ಬದಿಯ ಅಂಚು ಸ್ಪಷ್ಟವಾಗಿ ಕಾಣಬೇಕು, ಹಿನ್ನೆಲೆ ಬಿಳಿ ಇರಬೇಕು, ಅಷ್ಟೇ. ಬಿಳಿ ಹಿನ್ನೆಲೆಗೆ ಬಿಳಿ ಶಾಲು ಹಾಕಿದರೆ ಅಂಚು ಕಾಣುವುದಿಲ್ಲ. ಕಡು ಬಣ್ಣದ್ದು ಒಳ್ಳೆಯದು.

ಮದುವೆ ಮತ್ತು ಮೀಲಾದ್ ವೇದಿಕೆ

ಮನೆಯ ಎಲ್ಲರೂ ಒಟ್ಟಿಗೆ ಸೇರುವುದು ಮದುವೆಗೆ ಮತ್ತು ಪೆರ್ನಾಲಿಗೆ. ಗುಂಪಿನ ಫೋಟೋ ಅಂದರೆ ಎಲ್ಲರೂ ಒಂದೇ ಸಾಲಿನಲ್ಲಿ ಗೋಡೆಯ ಹಾಗೆ ನಿಲ್ಲುತ್ತಾರೆ. ಆಗ 0.5 ಎಕ್ಸ್‌ನ ಅಗಲದ ಲೆನ್ಸ್ ಬೇಕಾಗುತ್ತದೆ. ಆ ಲೆನ್ಸ್ ಅಂಚಿನಲ್ಲಿ ನಿಂತವರನ್ನು ಎಳೆದು ದಪ್ಪ ಮಾಡುತ್ತದೆ. ಹಿರಿಯರು ಮುಂದೆ ಕುರ್ಚಿಯಲ್ಲಿ, ದೊಡ್ಡವರು ಹಿಂದೆ, ಮಕ್ಕಳು ನೆಲದಲ್ಲಿ, ಹೀಗೆ ಮೂರು ಸಾಲು ಮಾಡಿ, ನೀವು ಹಿಂದಕ್ಕೆ ಹೋಗಿ 1 ಎಕ್ಸ್‌ನಲ್ಲೇ ತೆಗೆಯಿರಿ. ತೆಗೆಯುವವರೂ ಸೇರಬೇಕಾದರೆ ಫೋನನ್ನು ಎಲ್ಲಿಯಾದರೂ ಒರಗಿಸಿ 10 ಸೆಕೆಂಡಿನ ಟೈಮರ್ ಹಾಕಿ.

ಮದ್ರಸದ ಮೀಲಾದ್ ಕಾರ್ಯಕ್ರಮದಲ್ಲಿ ಮಗು ವೇದಿಕೆ ಹತ್ತಿದಾಗ ತೆಗೆದ ಫೋಟೋ, ವೀಡಿಯೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಕಾಣುವುದು ಉಂಟು. ಫೋನು ಹಾಳಾದದ್ದಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದ್ದು. ಕೆಲವು ಎಲ್‌ಇಡಿ ದೀಪಗಳು ಅದಕ್ಕೆ ತಕ್ಕ ಹಾಗೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ತಿಳಿಯದಿದ್ದರೂ ಕ್ಯಾಮೆರಾಕ್ಕೆ ತಿಳಿಯುತ್ತದೆ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಶಟರ್ ಸ್ಪೀಡನ್ನು 1/50 ಅಥವಾ 1/100ಕ್ಕೆ ಇಡಿ, ಪಟ್ಟಿ ಹೋಗುತ್ತದೆ. ಮತ್ತೆ, ನಿಮ್ಮ ಮಗುವಿನ ಫೋಟೋಕ್ಕಾಗಿ ಎದ್ದು ಮುಂದೆ ಹೋಗಿ ಹಿಂದಿನವರಿಗೆ ಅಡ್ಡ ನಿಲ್ಲಬೇಡಿ. ಒಬ್ಬರು ತೆಗೆದು ಎಲ್ಲರಿಗೂ ಹಂಚಿದರೆ ಆಯ್ತಲ್ಲ.

ಎಡಿಟಿಂಗ್ ಎಲ್ಲಿಗೆ ನಿಲ್ಲಬೇಕು?

ತೆಗೆದ ಫೋಟೋವನ್ನು ಸ್ವಲ್ಪ ತಿದ್ದುವುದು ತಪ್ಪಲ್ಲ. ಗೂಗಲ್ ಫೋಟೋಸ್‌ನಲ್ಲಿ ಬೇಕಾದ ಸಾಧನಗಳು ಇವೆ. ಗೂಗಲ್‌ನದ್ದೇ ಸ್ನ್ಯಾಪ್‌ಸೀಡ್ ಆ್ಯಪ್ ಹಣ ಕೊಡದೆ ಸಿಗುತ್ತದೆ. ಯಾವುದೇ ಆಗಲಿ, ಮೂಲ ಫೋಟೋ ಹಾಗೇ ಉಳಿಸಿ ಪ್ರತಿಯ ಮೇಲೆ ಕೆಲಸ ಮಾಡಿ. ಕ್ರಮ ಹೀಗಿರಲಿ.

ಮೊದಲು ಓರೆಯಾದದ್ದನ್ನು ನೇರ ಮಾಡಿ, ಬೇಡದ ಅಂಚು ಕತ್ತರಿಸಿ. ತಲೆಯ ಮೇಲೆ ಸ್ವಲ್ಪ ಜಾಗ ಬಿಡಿ, ಕೈ ಇದ್ದರೆ ಮಣಿಗಂಟಿನಲ್ಲಿ ಕತ್ತರಿಸಬೇಡಿ. ಎರಡನೆಯದಾಗಿ ಬೆಳಕು. ಬ್ರೈಟ್‌ನೆಸ್ ಇಡೀ ಚಿತ್ರವನ್ನು ಬೆಳಗಿಸುತ್ತದೆ; ಶ್ಯಾಡೋಸ್ ಕಪ್ಪಾದ ಭಾಗವನ್ನು ಮಾತ್ರ ಎತ್ತುತ್ತದೆ; ಹೈಲೈಟ್ಸ್ ಇಳಿಸಿದರೆ ಬಿಳಿ ಅಂಗಿಯ ಮಡಿಕೆಗಳು ಸ್ವಲ್ಪ ಮರಳಿ ಕಾಣುತ್ತವೆ. ಮೂರನೆಯದಾಗಿ ಬಣ್ಣ. ಚಿತ್ರ ಹಳದಿಯೋ ನೀಲಿಯೋ ಆಗಿದ್ದರೆ ಸ್ನ್ಯಾಪ್‌ಸೀಡಿನ ವೈಟ್ ಬ್ಯಾಲೆನ್ಸ್‌ನಲ್ಲಿ ಒಂದು ಪಿಪೆಟ್ಟಿನ ಗುರುತು ಉಂಟು. ಅದನ್ನು ಚಿತ್ರದಲ್ಲಿರುವ ಬಿಳಿ ಟೋಪಿಯ ಮೇಲೆ ಇಡಿ. ಟೋಪಿ ಬಿಳಿಯಾದರೆ ಮುಖವೂ ತನ್ನ ಬಣ್ಣಕ್ಕೆ ಬರುತ್ತದೆ. ಕೊನೆಗೆ ಶಾರ್ಪ್‌ನೆಸ್ ಸ್ವಲ್ಪವೇ ಸ್ವಲ್ಪ. ಇಲ್ಲಿಗೆ ನಿಲ್ಲಿಸಿ.

ಇದರ ಮುಂದೆ ಹೋದರೆ ತೊಂದರೆ ಶುರು. ಬ್ಯೂಟಿ ಫಿಲ್ಟರ್ ಮೊದಲು ಅಳಿಸುವುದು ಸುಕ್ಕುಗಳನ್ನು. ಬಾಪಾರ ಹಣೆಯ ಸುಜೂದಿನ ಗುರುತೂ ಅದಕ್ಕೆ ಒಂದು ಕಲೆ, ಅದನ್ನೂ ಅಳಿಸುತ್ತದೆ. ಅಜ್ಜಿಯ ಮುಖ ಮೇಣದ ಬೊಂಬೆಯ ಹಾಗೆ ನುಣುಪಾಗುತ್ತದೆ. ಅದು ಯಾರ ಅಜ್ಜಿ? ಅನೇಕ ಫೋನುಗಳಲ್ಲಿ ಈ ಫಿಲ್ಟರ್ ಮೊದಲೇ ಆನ್ ಆಗಿ ಬರುತ್ತದೆ. ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ಅದನ್ನು ಸೊನ್ನೆಗೆ ಇಳಿಸಿ.

ಮದುವೆ ಸಂಬಂಧಕ್ಕೆ ಕಳಿಸುವ ಫೋಟೋದಲ್ಲಿ ಈ ಮಾತಿಗೆ ಇನ್ನೂ ತೂಕ ಉಂಟು. ಹುಡುಗಿಯ ಬಣ್ಣ ಬಿಳಿ ಮಾಡಿ, ಮುಖ ಸಣ್ಣ ಮಾಡಿ, ಹುಡುಗನ ತಲೆಗೆ ಕೂದಲು ತುಂಬಿಸಿ ಕಳಿಸುವುದು ನಡೀತಾ ಉಂಟು. ನೋಡಲು ಬಂದವರು ಚಾ ಕುಡಿದು "ತಿಳಿಸ್ತೇವೆ" ಅಂತ ಎದ್ದು ಹೋಗುತ್ತಾರೆ. ಆ ನೋವು ಬೀಳುವುದು ಹುಡುಗಿಯ ಮೇಲೆ. ತನ್ನ ಮನೆಯವರಿಗೇ ತನ್ನ ನಿಜವಾದ ಮುಖ ಸಾಲದು ಅಂತ ಅವಳಿಗೆ ಅನಿಸಿದರೆ ಆ ಗಾಯ ಬೇಗ ಮಾಯುವುದಿಲ್ಲ. ಸಂಬಂಧ ನಿಲ್ಲುವುದು ಸತ್ಯದ ಮೇಲೆ. ಫೋಟೋವೂ ಅದರ ಒಂದು ಭಾಗ. ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ತೆಗೆದ ಒಂದು ಶುದ್ಧ ಫೋಟೋ ಸಾಕು.

ಮನೆಯಿಂದಲೇ ಕೇಕ್, ಸಮೋಸ, ನೈಪತ್ತಿರ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರುವ ಸಹೋದರಿಯರಿಗೂ ಇದೇ ಮಾತು. ತಟ್ಟೆಯನ್ನು ಕಿಟಕಿಯ ಪಕ್ಕ ಇಡಿ, ಬೆಳಕು ಬದಿಯಿಂದ ಬರಲಿ, ಸಾದಾ ತಟ್ಟೆ ಬಳಸಿ. ಎತ್ತರದ ಕೇಕನ್ನು ಎದುರಿನಿಂದ, ತಟ್ಟೆಯ ತಿಂಡಿಯನ್ನು ಸ್ವಲ್ಪ ಮೇಲಿನಿಂದ ತೆಗೆಯಿರಿ. ಒಂದು ಸಮೋಸ ಮುರಿದು ಒಳಗಿನದ್ದು ತೋರಿಸಿ. ಬಣ್ಣ ಏರಿಸಬೇಡಿ, ಇಂಟರ್‌ನೆಟ್ಟಿನಿಂದ ಬೇರೆಯವರ ಕೇಕಿನ ಫೋಟೋ ಎತ್ತಿ ಹಾಕಬೇಡಿ. ಸರಕಿನ ನಿಜ ಸ್ಥಿತಿಯನ್ನು ಗಿರಾಕಿಗೆ ತೋರಿಸಬೇಕೆಂಬುದು ನಮ್ಮ ದೀನಿನಲ್ಲಿ ವ್ಯಾಪಾರದ ಮೊದಲ ಪಾಠ. ಫೋಟೋ ನೋಡಿ ಕೊಂಡವರು ಮನೆಗೆ ಬಂದ ತಿಂಡಿ ನೋಡಿ ಮತ್ತೊಮ್ಮೆ ಆರ್ಡರ್ ಮಾಡಬೇಕು.

ಪೆಟ್ಟಿಗೆಯಲ್ಲಿರುವ ಹಳೆಯ ಫೋಟೋಗಳು

ಹೊಸದು ತೆಗೆಯುವಷ್ಟೇ ಮುಖ್ಯ ಇದ್ದದ್ದನ್ನು ಉಳಿಸುವುದು. ಗಲ್ಫಿಗೆ ಹೋಗುವ ಮುನ್ನ ಸ್ಟುಡಿಯೋದಲ್ಲಿ ನಿಂತು ತೆಗೆಸಿದ ಫೋಟೋ, ಹಳೆಯ ಪಾಸ್‌ಪೋರ್ಟಿನ ಪುಟ, ಜಾಗದ ದಸ್ತಾವೇಜು, ಅಜ್ಜ ಓದುತ್ತಿದ್ದ ಅರಬಿ ಮಲಯಾಳಂ ಲಿಪಿಯ ಕಿತಾಬು, ಇವೆಲ್ಲ ನಮ್ಮ ಮನೆಗಳ ಕಪಾಟಿನಲ್ಲಿ ಉಂಟು. ಕರಾವಳಿಯ ತೇವ, ಬೂಷ್ಟು, ಗೆದ್ದಲು ಇವನ್ನು ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ತಿನ್ನುತ್ತವೆ.

ಒಣ ದಿನ ನೋಡಿ ಹೊರಗೆ ತೆಗೆಯಿರಿ. ಫ್ಯಾನು ಆರಿಸಿ. ಫೋಟೋವನ್ನು ಕಿಟಕಿಯ ಹತ್ತಿರ ಮೇಜಿನ ಮೇಲೆ ಸಪಾಟಾಗಿ ಇಡಿ, ಬೆಳಕು ಬದಿಯಿಂದ ಬರಲಿ. ಫೋನನ್ನು ಫೋಟೋಗೆ ಸರಿಯಾಗಿ ಸಮಾನಾಂತರವಾಗಿ ಹಿಡಿಯಿರಿ, ಓರೆ ಆದರೆ ಚೌಕ ಹೋಗಿ ಇನ್ನೊಂದು ಆಕಾರ ಆಗ್ತದೆ. ಹೊಳಪು ಹೊಡೆದರೆ ಫೋನಿನ ಹಿಂದೆ ಒಂದು ಕಪ್ಪು ಬಟ್ಟೆ ಅಡ್ಡ ಹಿಡಿಯಿರಿ. ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಬೇರೆ ಬೇರೆ ಕೋನದಿಂದ ಕೆಲವು ಚಿತ್ರ ತೆಗೆದು ಜೋಡಿಸಿ ಹೊಳಪನ್ನು ಕಡಿಮೆ ಮಾಡುತ್ತದೆ. ಸ್ಕ್ಯಾನರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಾಮಾನ್ಯ ಅಳತೆಯ ಹಳೆಯ ಫೋಟೋಗೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯದ್ದಕ್ಕೆ 1200 ಡಿಪಿಐ ಇಡಲು ಹೇಳಿ.

ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆಯಬೇಡಿ. ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಮೇಲಿಂದಲೇ ತೆಗೆಯಿರಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೆತ್ತಗಿನ ಒಣ ಬ್ರಷ್ ಸಾಕು. ಬಿಸಿಲಿಗೂ ಒಣಗಿಸಬೇಡಿ.

ಈಗ ಹಳೆಯ ಫೋಟೋವನ್ನು ಕೃತಕ ಬುದ್ಧಿಮತ್ತೆಯಿಂದ ಹೊಸದು ಮಾಡಿಕೊಡುವ ಆ್ಯಪ್‌ಗಳು ಬಂದಿವೆ. ಗೀರು ತೆಗೆಯಲಿಕ್ಕೆ ಅಡ್ಡಿ ಇಲ್ಲ. ಆದರೆ ಮುಖ ಮಸುಕಾಗಿದ್ದರೆ ಅದು ಕಣ್ಣು, ಹಲ್ಲು, ಗಡ್ಡವನ್ನು ತನ್ನ ಊಹೆಯಿಂದ ಬರೆಯುತ್ತದೆ. ಬರುವುದು ಅಜ್ಜನ ಹಾಗೆ ಕಾಣುವ ಬೇರೊಬ್ಬ ಮನುಷ್ಯ. ಅಜ್ಜನನ್ನು ಕಂಡವರು ತೀರಿಹೋದ ಮೇಲೆ ಆ ಬೇರೆ ಮನುಷ್ಯನೇ ಅಜ್ಜ ಆಗಿಬಿಡುತ್ತಾನೆ. ಹಾಗಾಗಿ ಮಸುಕಾದರೂ ಮೂಲವನ್ನು ಬಿಡಬೇಡಿ, ಮಾಡಿಸಿದ್ದರ ಮೇಲೆ "ತಿದ್ದಿದ ಪ್ರತಿ" ಅಂತ ಹೆಸರು ಹಾಕಿ.

ಫೋಟೋ ಒಂದು ಅಮಾನತ್ತು

ಬೇರೆಯವರ ಮುಖ ನಮ್ಮ ಫೋನಿನಲ್ಲಿ ಇದೆ ಅಂದರೆ ಅದು ಅವರು ನಮ್ಮಲ್ಲಿ ಇಟ್ಟ ಅಮಾನತ್ತು. ಮದುವೆ ಮನೆಯಲ್ಲಿ ಹೆಂಗಸರ ಕಡೆ ತೆಗೆದ ಫೋಟೋ ರಾತ್ರಿಯೊಳಗೆ ಹತ್ತು ಗ್ರೂಪಿಗೆ ಹೋಗಿರುತ್ತದೆ. ಅದು ಯಾರ ಕೈಗೆ ಸೇರುತ್ತದೆ ಅಂತ ಕಳಿಸಿದವರಿಗೂ ಗೊತ್ತಿರುವುದಿಲ್ಲ. 2021ರ ಜುಲೈಯಲ್ಲಿ "ಸುಲ್ಲಿ ಡೀಲ್ಸ್", 2022ರ ಜನವರಿಯಲ್ಲಿ "ಬುಲ್ಲಿ ಬಾಯಿ" ಎಂಬ ಹೆಸರಿನಲ್ಲಿ ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಸಾಮಾಜಿಕ ಜಾಲತಾಣಗಳಿಂದ ಕದ್ದು ಹರಾಜಿನ ಹಾಗೆ ಹಾಕಿದ್ದನ್ನು ನಾವು ಮರೆಯಬಾರದು. ಅಲ್ಲಿ ತಪ್ಪು ಆ ಮಹಿಳೆಯರದ್ದಲ್ಲ, ಕದ್ದವರದ್ದು. ಆದರೆ ನಮ್ಮ ಕೈಯಲ್ಲಿರುವ ಎಚ್ಚರಿಕೆಯನ್ನು ನಾವು ತೆಗೆದುಕೊಳ್ಳಬೇಕಲ್ಲ.

ಇನ್ನೊಬ್ಬರ ಫೋಟೋವನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ. ಮಕ್ಕಳ ಫೋಟೋದಲ್ಲಿ ಶಾಲೆಯ ಹೆಸರು, ಮನೆಯ ಗುರುತು ಕಾಣದಿರಲಿ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ. ಇಲ್ಲದಿದ್ದರೆ ಫೋಟೋ ಎಲ್ಲಿ ತೆಗೆದದ್ದು ಎಂಬ ಮಾಹಿತಿ ಅದರ ಒಳಗೇ ಸೇರಿರುತ್ತದೆ. ಯಾರಾದರೂ ಫೋಟೋ ದುರುಪಯೋಗ ಮಾಡಿ ಹೆದರಿಸಿದರೆ ಮುಚ್ಚಿಡಬೇಡಿ, ಹುಡುಗಿಯನ್ನು ಬೈಯಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಹತ್ತಿರದ ಠಾಣೆಗೋ ಸೈಬರ್ ಅಪರಾಧಗಳ ಸೆನ್ ಠಾಣೆಗೋ ಹೋಗಿ. 1930 ಸಹಾಯವಾಣಿಯೂ ಕೇಂದ್ರ ಸರಕಾರದ ಸೈಬರ್ ಕ್ರೈಮ್ ಪೋರ್ಟಲ್ ಕೂಡ ಇದೆ. ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ದೂರಿಗೆ ಬೇರೆಯೇ ವಿಭಾಗ ಉಂಟು.

ಉಳಿಸುವುದು ಹೇಗೆ?

ಫೋನು ನೀರಿಗೆ ಬಿದ್ದರೆ, ಕಳೆದುಹೋದರೆ ಎಲ್ಲ ಹೋಯಿತು. ಒಂದು ಫೋಟೋ ಮೂರು ಕಡೆ ಇರಲಿ. ಫೋನಿನಲ್ಲಿ, ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ, ಗೂಗಲ್ ಫೋಟೋಸ್‌ನಂಥ ಕಡೆಯಲ್ಲಿ. ಗೂಗಲ್ ಹಣವಿಲ್ಲದೆ ಕೊಡುವ ಜಾಗ 15 ಜಿಬಿ. ಜಿಮೇಲ್ ಮತ್ತು ಡ್ರೈವ್ ಕೂಡ ಅದರಲ್ಲೇ ಸೇರಿದೆ. ಗುಡ್ ಮಾರ್ನಿಂಗ್ ಚಿತ್ರಗಳಿಂದ ಅದನ್ನು ತುಂಬಿಸಬೇಡಿ. ಮತ್ತೊಂದು ವಿಷಯ ನೆನಪಿರಲಿ, ಗೂಗಲ್ ಫೋಟೋಸ್‌ನಲ್ಲಿ ಡಿಲೀಟ್ ಮಾಡಿದರೆ ಫೋನಿನಿಂದಲೂ ಹೋಗುತ್ತದೆ. ಬ್ಯಾಕಪ್ ಆದದ್ದು 60 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ, ಅಷ್ಟರೊಳಗೆ ಮರಳಿ ಪಡೆಯಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೋ ಸಣ್ಣದಾಗುತ್ತದೆ. ಪ್ರಿಂಟಿಗೆ, ಅಥವಾ ಗಲ್ಫಿನ ಮಗ ಜೋಪಾನ ಮಾಡಲಿಕ್ಕೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಮೂಲ ಫೋಟೋ ಇದ್ದ ಹಾಗೆಯೇ ತಲುಪುತ್ತದೆ. ಅದರ ಜೊತೆ ಲೊಕೇಶನ್ ಮಾಹಿತಿಯೂ ಹೋಗುವುದರಿಂದ ಮನೆಯವರಿಗೆ ಮಾತ್ರ ಹೀಗೆ ಕಳಿಸಿ.

ಕೊನೆಗೆ ಪ್ರಿಂಟು. 4×6 ಇಂಚಿನ ಒಳ್ಳೆಯ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು, ಈಗಿನ ಯಾವ ಫೋನಿಗೂ ಅದು ಕಷ್ಟ ಅಲ್ಲ. ಫೋಟೋವನ್ನು ಗೋಡೆಗೆ ತೂಗುಹಾಕದವರು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿ ಇಡಬಹುದು. ಲಕೋಟೆಯ ಮೇಲೆ ಹೆಸರು, ಊರು, ಇಸವಿ, ಯಾರ ಮಗ, ಯಾರ ಮಗಳು ಅಂತ ಬರೆಯಿರಿ. ಲಕೋಟೆ ತುಂಬ ಫೋಟೋ ಇದ್ದು ಇವರು ಯಾರು ಅಂತ ಹೇಳುವವರೇ ಇಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟು ಉಂಟು. ಉಮ್ಮ ಇರುವಾಗಲೇ ಆ ಹಳೆಯ ಫೋಟೋಗಳನ್ನು ಅವರ ಮುಂದೆ ಹರಡಿ ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಳ್ಳಿ. ಅವರಿಗೂ ಅದರಷ್ಟು ಸಂತೋಷದ ಕೆಲಸ ಬೇರೆ ಇರಲಾರದು.

ಬರುವ ಶುಕ್ರವಾರ ಜುಮುಅ ಮುಗಿಸಿ ಊಟ ಆದ ಮೇಲೆ ಒಂದು ಗಂಟೆ ಇದಕ್ಕೆ ಇಡಿ. ಲೆನ್ಸ್ ಒರೆಸಿ, ಕಿಟಕಿ ತೆರೆಯಿರಿ, ಮನೆಯ ಅತಿ ಹಿರಿಯರನ್ನು ಕೂರಿಸಿ ಸಮ್ಮತಿ ಕೇಳಿ. ಅವರ ದುಆ ಸಿಕ್ಕಿದರೆ ಅದು ಫೋಟೋಕ್ಕಿಂತ ದೊಡ್ಡದು. ಅಲ್ಲಾಹನು ನಮ್ಮ ಹಿರಿಯರಿಗೆ ಆಫಿಯತ್ತು ಮತ್ತು ದೀರ್ಘಾಯುಷ್ಯ ನೀಡಲಿ, ಆಮೀನ್.